ಟ್ಯಾಂಕುಗಳಿಗಿಂತ ಮುಂದೆ ಹೋಗುವವರು

ಪೀಣ್ಯದ ಕೈಗಾರಿಕಾ ವಸಾಹತಿಗೆ ಹೊಂದಿಕೊಂಡ ಜಾಲಹಳ್ಳಿಯಲ್ಲಿ, 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಸೇನೆಗೆ ಬೇಕಾದ ರೇಡಿಯೋ, ರೇಡಾರುಗಳನ್ನು ದಶಕಗಳಿಂದ ನಿರ್ಮಿಸುತ್ತ ಬಂದಿದ್ದರೂ, ಅಂತಹ ಉಪಕರಣಗಳನ್ನು ಹೊತ್ತು ರಣಭೂಮಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಸುಳಿವನ್ನು ಅರಸುವ ರೆಕ್ಕಿ ತುಕಡಿಗಳ ವಿಷಯದಲ್ಲಿ ನಮ್ಮಲ್ಲಿ ತಪ್ಪು ಕಲ್ಪನೆಗಳು ಬೇರೂರಿವೆ.

ಆರ್ಮರ್ಡ್ ಬ್ರಿಗೇಡಿನ ಮುಂದೆ ಸಾಗುವವರು ಶತ್ರುವಿಗೆ ಮೊದಲ ಪ್ರಹಾರವನ್ನು ಕೊಡತಕ್ಕವರು, ಆದುದರಿಂದ ಅವರಿಗೆ ಎಲ್ಲರಿಗಿಂತ ದಪ್ಪ ಕವಚವೂ ದೊಡ್ಡ ತೋಪೂ ಇರಬೇಕೆಂಬುದು ಬಹುಜನರ ನಂಬಿಕೆ. ವಾಸ್ತವದಲ್ಲಿ ಸಮಾಚಾರವನ್ನು ತರುವುದೇ ಅವರ ಪ್ರಧಾನ ಧರ್ಮ. ಟ್ಯಾಂಕ್ ರೆಜಿಮೆಂಟುಗಳು ಇದಕ್ಕಾಗಿಯೇ ಸಣ್ಣ ರೆಕ್ಕಿ ಟ್ರೂಪುಗಳನ್ನು ಇರಿಸಿಕೊಳ್ಳುತ್ತವೆ. 40 ಟನ್ನಿಗೂ ಮಿಗಿಲಾದ ಟ್ಯಾಂಕಿನ ಭಾರವನ್ನು ಮುಂದಿನ ಸೇತುವೆ ತಾಳುವುದೋ, ಹಳ್ಳದ ದಡ ಎಷ್ಟು ಕಡಿದಾಗಿದೆ, ಕೆಸರು ಎಷ್ಟು ಆಳವೆಂಬುದನ್ನು ಶತ್ರುವಿನ ಕಣ್ಣಿಗೆ ಬೀಳದೆ ಅರಿತು ರೇಡಿಯೋದಲ್ಲಿ ತಿಳಿಸಿದರೆ ಅವರು ಗೆದ್ದಂತೆಯೇ ಸರಿ. ತಿಳಿಸಲಾರದೆ ಕಾದಾಡಿ ಮಡಿದರೆ, ಶೌರ್ಯವೆಷ್ಟೇ ಇರಲಿ, ಹಿಂದಿನ ಬ್ರಿಗೇಡು ಕುರುಡಾಗಿಯೇ ಉಳಿಯುವುದು.

ರೇಡಾರಿದ್ದರೆ ಸಕಲವೂ ಕಾಣುವುದೆಂಬುದು ಇನ್ನೊಂದು ಭ್ರಮೆ. ಬೆಂಗಳೂರಿನ ಎಲ್.ಆರ್.ಡಿ.ಇ. ಎಂಬ ರಕ್ಷಣಾ ಪ್ರಯೋಗಶಾಲೆಯು ರೂಪಿಸಿ ಭಾರತ್ ಎಲೆಕ್ಟ್ರಾನಿಕ್ಸ್ ನಿರ್ಮಿಸಿದ, ಸೈನಿಕರು ಹೊತ್ತೊಯ್ಯಬಹುದಾದ, ರಣರಂಗದ ಕಣ್ಗಾವಲಿನ ಬಿ.ಎಫ್.ಎಸ್.ಆರ್. ರೇಡಾರು ಡಾಪ್ಲರ್ ತತ್ತ್ವವನ್ನು ಅವಲಂಬಿಸಿರುವುದರಿಂದ ಚಲಿಸುವುದನ್ನಷ್ಟೇ ಹಿಡಿಯಬಲ್ಲದು. ಕಾರಿರುಳಿನಲ್ಲಿಯೂ ನಡೆದುಹೋಗುವ ಮನುಷ್ಯನನ್ನು ದೂರದಿಂದಲೇ ಗುರುತಿಸುವ ಆ ಯಂತ್ರಕ್ಕೆ, ಪೊದೆಯಲ್ಲಿ ನಿಶ್ಚಲನಾಗಿ ಕುಳಿತವನಾಗಲಿ ದಿಣ್ಣೆಯ ಮರೆಯಲ್ಲಿರುವ ವಾಹನವಾಗಲಿ ಗೋಚರಿಸದು. ಮರುದನಿಯನ್ನು ಹೆಡ್‌ಫೋನಿನಲ್ಲಿ ಆಲಿಸಿ, ಇದು ಹೆಜ್ಜೆ, ಇದು ಚಕ್ರವೆಂದು ವಿಂಗಡಿಸುವ ಪಳಗಿದ ಕಿವಿಯೂ ಅದರ ಹಿಂದೆ ಬೇಕು.

ಆಕಾಶದಿಂದ ನೋಡಿದರೆ ಸಾಕು, ನೆಲದ ಮೇಲೆ ಹೋಗುವವರೇಕೆ ಎಂಬ ಪ್ರಶ್ನೆಯು ಡ್ರೋನುಗಳ ಈ ಕಾಲದಲ್ಲಿ ಮತ್ತಷ್ಟು ಬಲವಾಗಿದೆ. ಅದಕ್ಕೆ ಉತ್ತರವು ಕನ್ನಡನಾಡಿನ ಯೋಧರ ಚರಿತ್ರೆಯಲ್ಲಿಯೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರ ಸೆಪ್ಟೆಂಬರಿನಲ್ಲಿ, ತುರ್ಕರು ಪ್ಯಾಲೆಸ್ತೀನಿನ ಹೈಫಾ ನಗರವನ್ನು ತೆರವು ಮಾಡಿದರೆಂದು ವೈಮಾನಿಕ ವರದಿ ಬಂದಿತು. ಅದನ್ನು ನಂಬಿ 22ರಂದು ಹೊರಟ ಬ್ರಿಟಿಷರ ಕವಚಿತ ಕಾರುಗಳು ಗುಂಡಿನ ಸುರಿಮಳೆಗೆ ಸಿಕ್ಕಿ ಹಿಂತಿರುಗಬೇಕಾಯಿತು. ಮರುದಿನ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸಿನ ಸವಾರರು ಕಾರ್ಮೆಲ್ ಬೆಟ್ಟದ ತೋಪುಗಳತ್ತ ಏರಿದರು. ಕೆಳಗೆ ಕಿಶೋನ್ ನದಿಯ ತಡಿಯಲ್ಲಿ ಜೋಧಪುರದ ದಳದ ಮುಂದಿದ್ದ ಸವಾರರ ಕುದುರೆಗಳು ಹುಗಿಮರಳಿನಲ್ಲಿ ಮುಳುಗಿದ್ದನ್ನು ಕಂಡು ಇಡೀ ದಳವು ಎಡಕ್ಕೆ ತಿರುಗಿ ನಗರದತ್ತ ನುಗ್ಗಿತು. ಆ ಮರಳು ಯಾವ ವಿಮಾನಕ್ಕೂ ಕಂಡಿರಲಿಲ್ಲ.

ಮೈಸೂರು ಲ್ಯಾನ್ಸರ್ಸಿನ ಸ್ಮಾರಕವು ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಸೇನೆಯ ಉಪಕರಣಗಳಿಗೆ ಬಿಡಿಭಾಗಗಳನ್ನು ಕಡೆಯುವ ಪೀಣ್ಯದ ಕುಶಲಿಗಳು ಬಿಡುವಿನ ದಿನ ತಮ್ಮ ಮಕ್ಕಳೊಡನೆ ಅಲ್ಲಿಗೆ ಹೋಗಿಬರಲಿ.