ಗಣಕಯಂತ್ರದ ಆಡಳಿತ ಮತ್ತು ಬಡವನ ಪಾಲು

ಸಂಪತ್ತು ಬೆಳೆಯುವುದು ಒಂದು ಮಾತು. ಬೆಳೆದ ಸಂಪತ್ತು ಎಲ್ಲರಿಗೂ ಹಂಚಿಕೆಯಾಗುವುದು ಮತ್ತೊಂದು ಮಾತು. ಸರ್ಕಾರದ ಕಡತಗಳು ಗಣಕಯಂತ್ರವನ್ನೇರಿದ ಮಾತ್ರಕ್ಕೆ ಉಳ್ಳವರ ಮತ್ತು ಇಲ್ಲದವರ ನಡುವಣ ಅಂತರ ತಗ್ಗುವುದೇ? ಉತ್ತರವನ್ನರಸಿ ಹೈದರಾಬಾದಿನ ಕನ್ನಡಿಗರು ದೂರ ಹೋಗಬೇಕಾಗಿಲ್ಲ.

2001ರಲ್ಲಿ ಈ ನಗರದಲ್ಲಿ ಆರಂಭವಾದ ‘ಈ-ಸೇವಾ’ ಕೇಂದ್ರಗಳು ವಿದ್ಯುತ್ ಮತ್ತು ನೀರಿನ ಬಿಲ್ಲು, ಆಸ್ತಿ ತೆರಿಗೆ ಇತ್ಯಾದಿಗಳನ್ನು ಒಂದೇ ಕಡೆ ಪಾವತಿ ಮಾಡುವ ಅನುಕೂಲವನ್ನು ಕಲ್ಪಿಸಿದವು. ಸುಮಾರು ಅದೇ ವೇಳೆಗೆ ಕರ್ನಾಟಕದ ‘ಭೂಮಿ’ ಯೋಜನೆಯು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕೀಕರಿಸಿ, 15 ರೂಪಾಯಿಗೆ ಪಹಣಿ ದೊರೆಯುವಂತೆ ಮಾಡಿತು. ಇವೆರಡೂ ಶ್ಲಾಘನೀಯವೇ. ಆದರೆ ಇವುಗಳ ನೇರ ಫಲ ಮನೆ, ಹೊಲಗಳುಳ್ಳವರದು. ಹೊಲವಿಲ್ಲದ ಕೂಲಿಗಾರನ ಪಾಡೇನು?

ಅವಿಭಜಿತ ಆಂಧ್ರಪ್ರದೇಶವು ಉದ್ಯೋಗ ಖಾತರಿಯ ಕೂಲಿಯನ್ನೂ ಪಿಂಚಣಿಯನ್ನೂ ಬೆರಳಚ್ಚಿನ ಸ್ಮಾರ್ಟ್ ಕಾರ್ಡಿನ ಮೂಲಕ ಹಳ್ಳಿಯಲ್ಲಿಯೇ ವಿತರಿಸಲು ಮುಂದಾಯಿತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖತಣಕರ್ ಎಂಬ ಅರ್ಥಶಾಸ್ತ್ರಜ್ಞರು 2010ರಿಂದ 2012ರವರೆಗೆ 157 ಮಂಡಲಗಳಲ್ಲಿ ಇದನ್ನು ಪರೀಕ್ಷಿಸಿದರು. ಕೂಲಿ ಬೇಗನೆ ಕೈಸೇರಿತು. ಉದ್ಯೋಗ ಖಾತರಿಯ ಹಣದ ಸೋರಿಕೆ ಶೇಕಡಾ 41ರಷ್ಟು ಕುಗ್ಗಿತು.

ಇದಕ್ಕಿಂತಲೂ ಮಹತ್ವದ ಸಂಗತಿ 2023ರಲ್ಲಿ ಪ್ರಕಟವಾದ ಅವರ ಮುಂದಿನ ಪ್ರಬಂಧದಲ್ಲಿದೆ. ಫಲಾನುಭವಿ ಕುಟುಂಬಗಳ ಗಳಿಕೆ ಶೇಕಡಾ 14ರಷ್ಟು ಹೆಚ್ಚಿ, ಬಡತನ ಶೇಕಡಾ 26ರಷ್ಟು ಇಳಿಯಿತು. ಈ ಹೆಚ್ಚಳದ ಶೇಕಡಾ 86 ಭಾಗ ಸರ್ಕಾರಿ ಕೂಲಿಯಿಂದ ಬಂದುದಲ್ಲ; ಖಾಸಗಿ ಕೆಲಸಗಳಲ್ಲಿ ಕೂಲಿಯ ದರವೂ ಕೆಲಸದ ದಿನಗಳೂ ಹೆಚ್ಚಿದುದರಿಂದ ಬಂದುದು. ಸರ್ಕಾರಿ ಕೂಲಿ ಖಚಿತವಾಗಿ ಕೈಸೇರುವುದಾದರೆ, ಹೊಲದ ಒಡೆಯನ ಮುಂದೆ ದರ ಕೇಳುವ ಧೈರ್ಯ ಕೂಲಿಗಾರನಿಗೆ ಬರುವುದು ಸಹಜ. ಕಾರ್ಡು ಇಲ್ಲದವರಿಗೂ ಹಳೆಯ ರೀತಿಯಲ್ಲಿ ಹಣ ಸಲ್ಲುತ್ತಲೇ ಇದ್ದುದನ್ನು ಇಲ್ಲಿ ಮರೆಯಬಾರದು.

ನಾಣ್ಯಕ್ಕೆ ಮತ್ತೊಂದು ಮುಖವುಂಟು. ತೆಲಂಗಾಣದಲ್ಲಿ 2016ರಿಂದೀಚೆಗೆ ಸುಮಾರು 19 ಲಕ್ಷ ಪಡಿತರ ಚೀಟಿಗಳು ರದ್ದಾಗಿದ್ದವು. ಮನೆಗೆ ಹೋಗಿ ವಿಚಾರಿಸದೆ, ಗಣಕಯಂತ್ರದ ಲೆಕ್ಕಾಚಾರವನ್ನೇ ನಂಬಿ ಹೀಗೆ ಮಾಡಲಾಯಿತೆಂಬ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2022ರಲ್ಲಿ ನ್ಯಾಯಾಲಯವು ಅವುಗಳನ್ನು ಸ್ಥಳದಲ್ಲಿಯೇ ಮರುಪರಿಶೀಲಿಸುವಂತೆ ಆದೇಶಿಸಿತು.

ಯಂತ್ರ ಒಂದೇ; ಒಂದೆಡೆ ಅದು ಬಡವನ ಹಕ್ಕನ್ನು ಅವನ ಬಾಗಿಲಿಗೆ ತಂದಿತು, ಮತ್ತೊಂದೆಡೆ ಅನ್ನವನ್ನೇ ತಡೆಯಬಲ್ಲದೆಂಬ ಭೀತಿ ಹುಟ್ಟಿಸಿತು. ಆದುದರಿಂದ ಯಾವುದೇ ಹೊಸ ಯೋಜನೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಎರಡು: ಇದರಿಂದ ಹಣ ಯಾರ ಕೈಸೇರುವುದು? ಯಂತ್ರ ತಪ್ಪಿದರೆ ಬಡವನು ಯಾರ ಬಳಿ ಹೋಗಬೇಕು? ಎರಡನೆಯದಕ್ಕೂ ಉತ್ತರವಿರುವ ಆಡಳಿತವೇ ಸಮೃದ್ಧಿಯನ್ನು ಎಲ್ಲರಿಗೂ ಹಂಚಬಲ್ಲುದು.