ಕರಿ ಗಾಜೆಲ್ಲ ಪೋಲರೈಸ್ಡ್ ಅಲ್ಲ! ಗಾಳ ಹಾಕುವವರೇ, ಗಾಗಲ್ ಕೊಳ್ಳುವಾಗ ಜೋಕೆ

ಕುಡಚಿಯಲ್ಲಿ ಅಥಣಿ ಬಸ್ಸಿನ ಹಾದಿ ಕಾಯುತ್ತ ನಿಂತಾಗ ಕಿವಿಗೆ ಬಿದ್ದ ಮಾತಿದು. ಹಲಗೆಯ ಮೇಲೆ ಗಾಗಲ್ ಹರವಿಕೊಂಡು ಕುಳಿತಿದ್ದ ವ್ಯಾಪಾರಿಯ ಮುಂದೆ ಒಬ್ಬ ತರುಣ ಕುಕ್ಕರಗಾಲಲ್ಲಿ ಕುಳಿತಿದ್ದ. ಪಕ್ಕದಲ್ಲಿ ಗಾಳದ ಕೋಲು, ಒಂದು ಪ್ಲಾಸ್ಟಿಕ್ ಬಕೆಟ್ಟು.

“ಕಾಕಾ, ಇದನ್ನ ಹಾಕ್ಕೊಂಡ್ರ ನೀರಾಗಿನ ಮೀನ ಕಾಣ್ತಾವಂತಲ್ಲ, ಖರೇನ?”

“ಖರೇ ಅಂದ್ರ ಖರೇನೋ ತಮ್ಮಾ. ಪೋಲರೈಸ್ಡ್ ಐತಿ, ಚೀಟಿ ನೋಡು. ಮುನ್ನೂರಾ ಐವತ್ತು. ನಿನಗಂತ ಮುನ್ನೂರು.”

ಚೀಟಿ ಅಂಟಿಸಿತ್ತು, ಸುಳ್ಳಲ್ಲ. ಆದರೆ ಚೀಟಿ ಅಂಟಿಸಲು ಯಾರ ಅಪ್ಪಣೆ ಬೇಕು? ಈ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಹಿಂದೊಮ್ಮೆ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಸಾವಿರದ ಇನ್ನೂರು ಎಣಿಸಿ ಇಂಥದೇ ಚೀಟಿಯ ಗಾಗಲ್ ತಂದಿದ್ದೆ. ಅಂಕಲಿ-ಮಾಂಜರಿ ಸೇತುವೆಯ ಬದಿಗೆ ನಿಂತು ಕೃಷ್ಣೆಯನ್ನು ನೋಡಿದರೆ ಮೀನೂ ಇಲ್ಲ, ಕಲ್ಲೂ ಇಲ್ಲ. ನೀರಿನ ಮೇಲಿದ್ದ ಮೋಡ ಕರ್ರಗೆ ಕಂಡಿತು, ಅಷ್ಟೇ! ಅಂದಿನಿಂದ ಚೀಟಿ ಓದುವುದನ್ನು ಬಿಟ್ಟು ಗಾಜು ಓದುವುದನ್ನು ಕಲಿತೆ.

ಆದ್ದರಿಂದ ಕೇಳದಿದ್ದರೂ ನಡುವೆ ಬಾಯಿ ಹಾಕಿದೆ. ವ್ಯಾಪಾರಿಯ ಮಗ್ಗುಲಲ್ಲೇ ಕ್ಯಾಲ್ಕುಲೇಟರ್ ಬಿದ್ದಿತ್ತು. ಅದರಲ್ಲಿ ನಾಲ್ಕು ಅಂಕಿ ಒತ್ತಿ, ಗಾಗಲ್ಲಿನ ಒಂದು ಗಾಜನ್ನು ಮುಂದೆ ಹಿಡಿದು, ಬಸ್ಸಿನ ಸ್ಟೇರಿಂಗ್ ತಿರುಗಿಸಿದಂತೆ ನಿಧಾನ ತಿರುಗಿಸಿದೆ. ನಿಜವಾದ ಪೋಲರೈಸ್ಡ್ ಗಾಜಾಗಿದ್ದರೆ ತಿರುಗುತ್ತ ತಿರುಗುತ್ತ ಒಂದು ಹಂತದಲ್ಲಿ ಅಂಕಿಯ ಪರದೆ ಪೂರ್ತಿ ಕಪ್ಪಾಗಬೇಕು. ಮುಂದೆ ಮತ್ತೆ ಬೆಳಗಬೇಕು. ಇಲ್ಲಿ ಎಷ್ಟು ತಿರುಗಿಸಿದರೂ ಅಂಕಿ ಇದ್ದಂತೆಯೇ ಇದ್ದವು.

ವ್ಯಾಪಾರಿಯ ಮುಖ ಸಣ್ಣದಾಯಿತು. “ನನಗೂ ಹಂಗ ಹೇಳೇ ಮಾಲ ಕೊಟ್ಟಾರ್ರಿ. ನಾ ಏನ್ ಮಾಡ್ಲಿ?” ಎಂದ. ಅವನ ಮಾತನ್ನು ನಾನು ನಂಬುತ್ತೇನೆ. ಮೋಸ ಗಿರಾಕಿಗೆ ಆಗುವ ಮೊದಲು ಸಣ್ಣ ಅಂಗಡಿಕಾರನಿಗೇ ಆಗಿರುತ್ತದೆ.

ಕಬ್ಬಿನ ಜಲ್ಲೆ ಮತ್ತು ಕಿಟಕಿ ಸರಳು

ಪೋಲರೈಸ್ಡ್ ಅಂದರೆ ಏನು? ಬೆಳಕು ಅಲೆಅಲೆಯಾಗಿ ಬರುತ್ತದೆ. ಸೂರ್ಯನಿಂದ ನೇರ ಬರುವ ಬೆಳಕಿನ ಅಲೆ ಎಲ್ಲ ದಿಕ್ಕಿಗೂ ತೂಗಾಡುತ್ತಿರುತ್ತದೆ. ಅದೇ ಬೆಳಕು ಸಪಾಟಾದ ನೀರಿಗೆ ತಾಗಿ ಪುಟಿದು ಬಂದಾಗ ಬಹುಪಾಲು ಅಡ್ಡಡ್ಡ ತೂಗಾಡುತ್ತದೆ. ಕಣ್ಣು ಕುಕ್ಕುವ ಆ ಝಳಪು ಇದೇ. ಪೋಲರೈಸ್ಡ್ ಗಾಜು ಉದ್ದುದ್ದ ಸರಳು ಹಾಕಿದ ಕಿಟಕಿ ಇದ್ದ ಹಾಗೆ ಅಂತ ತಿಳಿಯಿರಿ. ಕಬ್ಬಿನ ಜಲ್ಲೆಯನ್ನು ನೆಟ್ಟಗೆ ಹಿಡಿದರೆ ಸರಳಿನ ಸಂದಿಯಲ್ಲಿ ಪಾರಾಗುತ್ತದೆ, ಅಡ್ಡ ಹಿಡಿದರೆ ಸಿಕ್ಕಿಬೀಳುತ್ತದೆ. ಅಡ್ಡ ಬೆಳಕು ಸಿಕ್ಕಿಬಿದ್ದರೆ ಝಳಪು ಹೋಯಿತು. ನೀರಿನ ಒಳಗಿನಿಂದ ಬರುವ ಬೆಳಕು ಕಣ್ಣಿಗೆ ತಲುಪಿತು. ಸಾದಾ ಕರಿ ಗಾಜು ಈ ಭೇದ ಮಾಡುವುದಿಲ್ಲ. ಝಳಪನ್ನೂ ಮೀನನ್ನೂ ಒಂದೇ ಅಳತೆಯಲ್ಲಿ ಮಬ್ಬು ಮಾಡುತ್ತದೆ.

ಈ ಉಪಾಯವನ್ನು ನೀರಿನ ಮೇಲೆ ಪ್ರಯೋಗಿಸಿದ ದೊಡ್ಡ ಮನುಷ್ಯ ನಮ್ಮವರೇ. 1921ರಲ್ಲಿ ಸಿ.ವಿ. ರಾಮನ್ ವಿಲಾಯತಿಯಿಂದ ‘ನಾರ್ಕುಂಡಾ’ ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಸಮುದ್ರ ನೀಲಿಯಾಗಿ ಕಾಣುವುದು ಬರೀ ಆಕಾಶದ ಪ್ರತಿಬಿಂಬದಿಂದ ಅಂತ ಆಗ ದೊಡ್ಡ ದೊಡ್ಡವರ ಅಭಿಪ್ರಾಯ. ರಾಮನ್ ಸಾಹೇಬರು ನಿಕೋಲ್ ಪ್ರಿಸಂ ಎಂಬ ಪುಟ್ಟ ಸ್ಫಟಿಕದ ಸಾಧನದಿಂದ ಪ್ರತಿಬಿಂಬವನ್ನು ಅಡಗಿಸಿ ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನೂ ದಟ್ಟವಾಯಿತು! ನೀರಿನ ಕಣಗಳೇ ಬೆಳಕನ್ನು ಚೆದುರಿಸುತ್ತವೆ ಎಂಬ ಆ ವಿಚಾರದ ಬೆನ್ನು ಹತ್ತಿ ಹೋದವರಿಗೆ 1930ರಲ್ಲಿ ನೊಬೆಲ್ ಬಂತು. ಮುಂದೆ ಅವರು ಬೆಂಗಳೂರಿನಲ್ಲೇ ನೆಲೆನಿಂತದ್ದು ಎಲ್ಲರಿಗೂ ಗೊತ್ತು. ದುಬಾರಿ ಸ್ಫಟಿಕದ ಆ ಕೆಲಸವನ್ನು ತೆಳುವಾದ ಹಾಳೆಯಲ್ಲಿ ಇಳಿಸಿದವನು ಅಮೆರಿಕದ ಎಡ್ವಿನ್ ಲ್ಯಾಂಡ್. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ತೆಗೆದ ಕೂಡಲೇ ಫೋಟೋ ಕೈಗೆ ಕೊಡುತ್ತಿದ್ದ ಪೋಲರಾಯ್ಡ್ ಕ್ಯಾಮೆರಾ ಹಿರಿಯರಿಗೆ ನೆನಪಿರಬಹುದು. ಅದೂ ಅವನದೇ.

ಇರಲಿ, ನಮ್ಮ ಬಸ್ ಸ್ಟ್ಯಾಂಡಿಗೆ ಬರೋಣ.

ಅಂಗಡಿಯಲ್ಲೇ ಪರೀಕ್ಷೆ

ಕ್ಯಾಲ್ಕುಲೇಟರ್ ಪರೀಕ್ಷೆ ಮೇಲೆ ಹೇಳಿದೆ. ಮೊಬೈಲ್ ಪರದೆಯಲ್ಲೂ ನೋಡಬಹುದು, ಆದರೆ ಕೆಲವು ಫೋನುಗಳು ಯಾವ ದಿಕ್ಕಿಗೂ ಕಪ್ಪಾಗುವುದಿಲ್ಲ, ಬಣ್ಣ ಮಾತ್ರ ಬದಲಾಯಿಸುತ್ತವೆ. ಫೋನು ನೋಡಿ ಒಳ್ಳೆಯ ಗಾಗಲ್ಲನ್ನು ಖೊಟ್ಟಿ ಅನ್ನಬೇಡಿ. ಕ್ಯಾಲ್ಕುಲೇಟರೇ ಖಾತ್ರಿ.

ಇನ್ನೊಂದು ಉಪಾಯ ಅಂಗಡಿಯ ಗಾಜಿನ ಕೌಂಟರು. ಟ್ಯೂಬ್‌ಲೈಟು ಅದರಲ್ಲಿ ಹೊಳೆಯುವಂತೆ ಓರೆಯಾಗಿ ನಿಂತು, ಗಾಗಲ್ ಕೈಯಲ್ಲಿ ಹಿಡಿದು ಒಂದೇ ಗಾಜಿನಿಂದ ನೋಡುತ್ತ ತಿರುಗಿಸಿ. ಹೊಳಪು ಕುಂದಿ ಕುಂದಿ ಮತ್ತೆ ಏಳಬೇಕು. ಆಮೇಲೆ ಕಣ್ಣಿಗೆ ಹಾಕಿಕೊಂಡು ಎಡಗಣ್ಣು ಮುಚ್ಚಿ ಒಮ್ಮೆ, ಬಲಗಣ್ಣು ಮುಚ್ಚಿ ಒಮ್ಮೆ ನೋಡಿ. ಒಂದು ಕಣ್ಣಿಗೆ ಹೊಳಪು ಅಡಗಿ ಇನ್ನೊಂದಕ್ಕೆ ಅಡಗದಿದ್ದರೆ ಒಂದು ಗಾಜು ಸೊಟ್ಟ ಕೂತಿದೆ ಅಂತ ಅರ್ಥ. ಅಗ್ಗದ ಮಾಲಿನಲ್ಲಿ ಇದು ಅಪರೂಪವಲ್ಲ. ಅದನ್ನು ಹಾಕಿಕೊಂಡು ಎರಡು ತಾಸು ಹೊಳೆ ದಂಡೆಗೆ ಕೂತರೆ ತಲೆಶೂಲೆ.

ಪೋಲರೈಸ್ಡ್ ಆದ ಮಾತ್ರಕ್ಕೆ ಕಣ್ಣು ಕಾಯುತ್ತದೆ ಅಂತಲೂ ಇಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವಿರುತ್ತದೆ. ಅದನ್ನು ತಡೆಯುವ ಗಾಜಿಗೆ ‘ಯುವಿ 400’ ಎಂದು ಬರೆದಿರುತ್ತಾರೆ. ಈ ತಡೆ ಇಲ್ಲದ ಕರಿ ಗಾಜು ಬರಿಗಣ್ಣಿಗಿಂತ ಕೆಟ್ಟದ್ದು. ಯಾಕೆಂದರೆ ಕತ್ತಲಾಯಿತೆಂದು ಪಾಪೆ ಅಗಲವಾಗುತ್ತದೆ, ಕಿರಣ ಇನ್ನಷ್ಟು ಒಳಗೆ ನುಗ್ಗುತ್ತದೆ. ವರ್ಷಾನುಗಟ್ಟಲೆ ಬಿಸಿಲು ತಿಂದ ಕಣ್ಣಿಗೆ ಮೋತಿಬಿಂದು ಬೇಗ ಬರುತ್ತದೆ. ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಮೇಲೆ ಮಾಂಸದ ಪದರು ಹರಿದು ಬರುವುದೂ ಉಂಟು. ಹೊಲದಲ್ಲಿ, ಹೊಳೆಯಲ್ಲಿ ದುಡಿಯುವವರಲ್ಲೇ ಅದು ಹೆಚ್ಚು.

ಇದಕ್ಕೂ ಅಂಗಡಿಕಾರರ ಕೈಯಲ್ಲೇ ಒಂದು ಒರಟು ಪರೀಕ್ಷೆ ಇದೆ. ಖೊಟ್ಟಿ ನೋಟು ಹಿಡಿಯಲು ಇಟ್ಟುಕೊಂಡ ನೇರಳೆ ದೀಪವನ್ನು ಐದುನೂರರ ನೋಟಿನ ಮೇಲೆ ಬಿಟ್ಟರೆ ನಂಬರು ಮಿನುಗುತ್ತದೆ. ದೀಪಕ್ಕೂ ನೋಟಿಗೂ ನಡುವೆ ಗಾಗಲ್ಲಿನ ಗಾಜು ಹಿಡಿದು, ಬದಿಯಿಂದ ನೋಟನ್ನು ನೋಡಿ. ಮಿನುಗು ಆರಿಹೋದರೆ ಗಾಜು ಕಿರಣವನ್ನು ತಡೆಯುತ್ತಿದೆ. ಮಿನುಗು ಹಾಗೇ ಇದ್ದರೆ ಗಾಗಲ್ಲನ್ನು ಹಾಗೇ ಹಲಗೆಯ ಮೇಲಿಟ್ಟು ಬಸ್ ಹತ್ತಿ.

ನಮ್ಮ ಹೊಳೆಗೆ ಯಾವ ಬಣ್ಣ?

ಜೂನ್ ಮುಗಿಯುವ ಹೊತ್ತಿಗೆ ಘಟ್ಟದ ಮಳೆ ಹಿಡಿದರೆ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಕೆಂಪು. ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿ, ಕುಡಚಿ-ಉಗಾರ... ಯಾವ ಸೇತುವೆ ಮೊದಲು ಮುಳುಗಿತು ಅಂತ ಬಸ್ಸಿನವರು ವಿಚಾರಿಸುವ ಕಾಲ. ಆ ನೀರಿನಲ್ಲಿ ಯಾವ ಗಾಗಲ್ಲೂ ಮೀನು ತೋರಿಸುವುದಿಲ್ಲ, ಹತ್ತು ಸಾವಿರದ್ದೇ ಇರಲಿ. ಗಾಗಲ್ ಕಳೆಯುವುದು ಝಳಪನ್ನು, ರಾಡಿಯನ್ನಲ್ಲ. 2005, 2019, 2021ರ ಮಹಾಪೂರ ಕಂಡವರಿಗೆ ಆ ದಿನಗಳಲ್ಲಿ ಹೊಳೆಗೆ ಹೋಗಬೇಡಿ ಅಂತ ಬೇರೆ ಹೇಳಬೇಕಿಲ್ಲ.

ದೀಪಾವಳಿ ಕಳೆದು ನೀರು ತಿಳಿಯಾಗತೊಡಗಿದ ಮೇಲೆ ಗಾಗಲ್ಲಿಗೆ ಕೆಲಸ. ಆಗಲೂ ನಮ್ಮ ನೀರು ಪೂರ್ತಿ ಸ್ವಚ್ಛವಲ್ಲ, ಚಹಾದ ನೀರಿನಂತೆ ಸ್ವಲ್ಪ ಮಬ್ಬು. ಇಂಥದಕ್ಕೆ ಕಂದು ಅಥವಾ ತಾಮ್ರ ಬಣ್ಣದ ಗಾಜು ಚಲೋ. ಮೀನಿನ ಬೆನ್ನಿಗೂ ತಳದ ಮಣ್ಣಿಗೂ ಭೇದ ಎದ್ದು ಕಾಣುತ್ತದೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಂಥ ಅಗಲ ಜಾಗದಲ್ಲಿ ನಡುಮಧ್ಯಾಹ್ನ ಕೂರುವವರಿಗೆ ಬೂದು ಗಾಜು ತಂಪು. ಹಳದಿ ಗಾಜು ನಸುಕಿಗೆ, ಮುಚ್ಚಂಜೆಗೆ ಮಾತ್ರ. ಕನ್ನಡಿಯಂತೆ ನೀಲಿ, ಹಸಿರು ಹೊಳೆಯುವ ಹೊರಲೇಪ ಬೆಳಕನ್ನು ಸ್ವಲ್ಪ ಕಡಿಮೆ ಮಾಡೀತು. ಪೋಲರೈಸ್ಡ್ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಜಾತ್ರೆಯಲ್ಲಿ ಫೋಟೋ ಚಂದ ಬರುತ್ತದೆ, ಅದು ಬೇರೆ ಮಾತು.

ಕಪ್ಪಿನ ಪ್ರಮಾಣಕ್ಕೆ 0ಯಿಂದ 4ರವರೆಗೆ ನಂಬರು ಇರುತ್ತದೆ. ನಮ್ಮ ಬಿಸಿಲಿಗೆ 3 ಸಾಕು. ಅದು ನೂರಕ್ಕೆ 8ರಿಂದ 18 ಪಾಲು ಬೆಳಕು ಬಿಡುತ್ತದೆ. 4ನೇ ನಂಬರು ಹಾಕಿಕೊಂಡು ಗಾಡಿ ಓಡಿಸಬಾರದು. ಸಂಜೆ ಚಿಕ್ಕೋಡಿಯಿಂದ ನಿಪ್ಪಾಣಿ ಕಡೆಗೆ, ಅಥಣಿಯಿಂದ ಕಾಗವಾಡ ಕಡೆಗೆ ಬೈಕಿನ ಮೇಲೆ ಬರುವವರಿಗೆ ಇಳಿಹೊತ್ತಿನ ಸೂರ್ಯ ಎದುರಿಗೇ. ಅವರಿಗೂ ಈ 3ನೇ ನಂಬರೇ ಸರಿ. ಹೊತ್ತು ಮುಳುಗಿದ ಕೂಡಲೇ ಜೇಬಿಗೆ ಹಾಕಬೇಕು.

ನಿಲ್ಲುವ ಜಾಗಕ್ಕೂ ಲೆಕ್ಕವಿದೆ. ನೀರಿನ ಮೈಯಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಗಾಗಲ್ಲಿನ ಕೈಚಳಕ ಪೂರ್ತಿ. ಸರಳವಾಗಿ ಹೇಳುವುದಾದರೆ, ನಿಮ್ಮ ಕಣ್ಣು ನೀರಿನಿಂದ 6 ಅಡಿ ಮೇಲಿದ್ದರೆ 8 ಅಡಿ ದೂರದ ನೀರು ಎಲ್ಲಕ್ಕಿಂತ ನಿಚ್ಚಳ. ಕಣ್ಣು 12 ಅಡಿ ಮೇಲಿದ್ದರೆ 16 ಅಡಿ. ಅದರ ಹಿಂದೆ ಮುಂದೆ ಸ್ವಲ್ಪ ನಡೆಯುತ್ತದೆ. ಆಚೆ ದಂಡೆಯ ಮೀನು ಕಾಣಲಿಲ್ಲ ಅಂತ ಅಂಗಡಿಕಾರನ ಜೊತೆ ಜಗಳ ಬೇಡ.

ಒಮ್ಮೆ ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಅಂಬಿಗರ ಅಜ್ಜನಿಗೆ ನನ್ನ ಒಳ್ಳೆಯ ಗಾಗಲ್ ಕೊಟ್ಟಿದ್ದೆ. ಹಾಕಿಕೊಂಡು ಬಹಳ ಹೊತ್ತು ಮಡುವಿನ ಕಡೆ ನೋಡಿದ. “ಕಾಣ್ತಾವ್ರಿ, ಖರೇನ. ಅಗೋ ರೋಹು, ಅಗೋ ಜಿಲೇಬಿ ಮೀನ. ಆದ್ರ ನೀವು ಹಿಂಗ ನಿಂತ್ರ ನಿಮ್ಮ ನೆರಳು ಅವಕ್ಕೂ ಕಾಣ್ತೈತಿ. ಕುಂದರ್ರಿ ಮೊದಲ” ಎಂದ. ಕುಳಿತೆ.

ಈಗ ನಾನು ಬರೆಯಲೇಬೇಕೆಂದು ಕೂತ ಮಾತು. ತಳ ಕಂಡಿತೆಂದು ನೀರಿಗೆ ಇಳಿಯಬೇಡಿ! ಪೋಲರೈಸ್ಡ್ ಗಾಜು ಝಳಪು ತೆಗೆಯುತ್ತದೆ, ಆದರೆ ನೀರು ಬೆಳಕನ್ನು ಬಾಗಿಸುವುದನ್ನು ತಪ್ಪಿಸಲಾರದು. ಮೇಲಿನಿಂದ ನೇರ ನೋಡಿದರೆ 4 ಅಡಿ ಆಳ 3 ಅಡಿಯಂತೆ ಕಾಣುತ್ತದೆ. ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಗಾಗಲ್ ಇಲ್ಲದಾಗ ತಳ ಕಾಣದೆ ಹೆದರಿ ದಂಡೆಯಲ್ಲೇ ಉಳಿಯುತ್ತಿದ್ದ ಹುಡುಗ, ಗಾಗಲ್ ಹಾಕಿಕೊಂಡು “ಟೊಂಕದ ಮಟ ಐತಿ ತಗೋ” ಅಂತ ಇಳಿದರೆ ನೀರು ಎದೆಗೆ ಬಂದಿರುತ್ತದೆ. ಉಸುಕು ತೆಗೆದ ಕುಣಿಯಾಗಿದ್ದರೆ ಎರಡನೇ ಹೆಜ್ಜೆಗೆ ತಲೆಯ ಮೇಲೆ. ಸಿಕ್ಕಿಕೊಂಡ ಗಾಳ ಬಿಡಿಸಲು ಇಳಿಯುವುದಂತೂ ಬೇಡವೇ ಬೇಡ. ಗಾಳದ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತು. ಮೇಲಾಗಿ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮಬ್ಬು ನೀರಿನಲ್ಲಿ ಎರಡು ಅಡಿ ಕೆಳಗೆ ಮಲಗಿದ ಮೊಸಳೆಯನ್ನು ಯಾವ ಕಂಪನಿಯ ಗಾಜೂ ತೋರಿಸದು.

ಉಳಿದದ್ದು ಚಿಲ್ಲರೆ ಮಾತು. ಗಾಳದ ಮೊನೆ, ಸೀಸದ ಗುಂಡು ಕಣ್ಣ ಮುಂದೆಯೇ ಹಾರುವುದರಿಂದ ಒಡೆಯುವ ಗಾಜಿಗಿಂತ ಪಾಲಿಕಾರ್ಬೊನೇಟ್ ಮೇಲು; ಅದು ಸುಲಭಕ್ಕೆ ಸೀಳುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ. ಆದ್ದರಿಂದ ಉಸುಕು ಕೂತಾಗ ಟಾವೆಲ್ಲಿನಿಂದ ತಿಕ್ಕದೆ ಮೊದಲು ನೀರು ಹುಯ್ಯಿರಿ. ಬದಿಯಿಂದ ಬೆಳಕು ನುಗ್ಗದಂತೆ ಕಿವಿಯತ್ತ ಬಾಗಿದ ಚೌಕಟ್ಟು ಇರಲಿ, ಮೇಲೊಂದು ಟೊಪ್ಪಿಗೆ, ಹಿಂದೆ ಒಂದು ದಾರ. ದಾರವಿಲ್ಲದ ಗಾಗಲ್ ಹೊಳೆಯ ಪಾಲೇ. ನಂಬರಿನ ಚಷ್ಮಾ ಇದ್ದವರು ಅದರ ಮೇಲೆ ಸಿಕ್ಕಿಸುವ ಪೋಲರೈಸ್ಡ್ ಕ್ಲಿಪ್ ಕೊಳ್ಳಬಹುದು, ನಂಬರು ಹಾಕಿಸಿಯೂ ಮಾಡಿಕೊಡುತ್ತಾರೆ. ನಲವತ್ತು ದಾಟಿದವರು ಕ್ಲಿಪ್ಪನ್ನೇ ಆರಿಸಲಿ. ಗಾಳಕ್ಕೆ ದಾರ ಪೋಣಿಸುವಾಗ ಮೇಲೆತ್ತಬಹುದು. ಚಾಳೀಸು ಅಂತ ನಮ್ಮ ಹಿರಿಯರು ಸುಮ್ಮನೆ ಹೆಸರಿಟ್ಟಿಲ್ಲ.

ಅಥಣಿ ಬಸ್ ಬಂತು. ತರುಣ ಮುನ್ನೂರರ ಗಾಗಲ್ ಇಟ್ಟು ಎದ್ದಿದ್ದ. ವ್ಯಾಪಾರಿ ಅವನನ್ನು ಕೂಗಿ ನಿಲ್ಲಿಸಿ, ಚೀಲದ ತಳದಿಂದ ಬೇರೊಂದು ಕಂದು ಗಾಜಿನದು ತೆಗೆದು, ಈ ಸಲ ತಾನೇ ಕ್ಯಾಲ್ಕುಲೇಟರ್ ಮುಂದೆ ಹಿಡಿದು ತಿರುಗಿಸಿದ. ಅಂಕಿ ಅಳಿಸಿಹೋದವು. “ಇದು ಆರನೂರು ತಮ್ಮಾ” ಎಂದ. ತರುಣ ಐದುನೂರಕ್ಕೆ ಕೇಳುತ್ತಿದ್ದಾಗ ಕಂಡಕ್ಟರ್ ಸೀಟಿ ಊದಿದ. ಎಷ್ಟಕ್ಕೆ ಮುಗಿಯಿತೋ, ನಾನು ಬಸ್ಸಿನೊಳಗಿದ್ದೆ.