ಡಂಫ್ರೀಸ್ ಪಟ್ಟಣದ ಸುತ್ತಣ ಸೈಕಲ್ ಮಾರ್ಗಗಳು: ಒಂದು ಐತಿಹಾಸಿಕ ವಿವೇಚನೆ

ನಾಡಿನ ಚರಿತ್ರೆಯನ್ನು ಅರಿಯಲು ಅದರ ದಾಖಲೆಗಳಂತೆಯೇ ಅದರ ದಾರಿಗಳೂ ಅವಶ್ಯಕವೆಂಬ ಮಾತು ಹೊಸದಲ್ಲ. ಆದರೆ ಆ ದಾರಿಗಳನ್ನು ಯಾವ ವೇಗದಲ್ಲಿ ಕ್ರಮಿಸಬೇಕೆಂಬುದು ಅಷ್ಟಾಗಿ ವಿಚಾರಕ್ಕೆ ಬಂದಂತಿಲ್ಲ. ಕಾಲ್ನಡಿಗೆಯವನು ದಿನವಿಡೀ ನಡೆದರೂ ಹಲವೊಮ್ಮೆ ಒಂದೇ ಬಗೆಯ ನೆಲದಲ್ಲಿರುತ್ತಾನೆ. ಮೋಟಾರಿನಲ್ಲಿ ಹೋಗುವವನಿಗೆ ನೆಲ ಬದಲಾದುದೇ ತಿಳಿಯದು. ಸೈಕಲ್ ಸವಾರನಾದರೋ ಒಂದು ಹಗಲಿನಲ್ಲಿ ಎರಡು ಮೂರು ಬಗೆಯ ನೆಲವನ್ನು ದಾಟುತ್ತಾನೆ. ಪ್ರತಿಯೊಂದು ಏರೂ ಇಳಿಜಾರೂ ಅವನ ಕಾಲುಗಳಿಗೆ ತಿಳಿಯುತ್ತದೆ. ದಕ್ಷಿಣ ಸ್ಕಾಟ್ಲೆಂಡಿನ ಡಂಫ್ರೀಸ್ ಪಟ್ಟಣ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಂದ ಹೊರಡುವ ಮೂರು ಮಾರ್ಗಗಳನ್ನು ನಾವು ಭೂಪಟದ ಮೇಲೆ ಅನುಸರಿಸಿ, ನೆಲಕ್ಕೂ ಚರಿತ್ರೆಗೂ ಇರುವ ಸಂಬಂಧವನ್ನು ವಿವರಿಸಲು ಯತ್ನಿಸುತ್ತೇವೆ. ಮೂರನೆಯ ಮಾರ್ಗದಲ್ಲಿ ಸೈಕಲ್ಲಿನ ಹುಟ್ಟಿಗೇ ಸಂಬಂಧಿಸಿದ ಒಂದು ವಾದವೂ ಎದುರಾಗುವುದರಿಂದ, ಅದರ ಆಧಾರಗಳನ್ನೂ ಪರಿಶೀಲಿಸುವುದು ಉಚಿತವಾಗಿದೆ.

ಡಂಫ್ರೀಸ್ ನಿತ್ ನದಿಯ ದಡದಲ್ಲಿದೆ. ನದಿ ಇಲ್ಲಿಂದ ಕೆಲವೇ ಮೈಲಿ ದಕ್ಷಿಣಕ್ಕೆ ಹರಿದು ಸಾಲ್ವೇ ಕೊಲ್ಲಿಯನ್ನು ಸೇರುತ್ತದೆ. ೧೩೦೬ರಲ್ಲಿ ರಾಬರ್ಟ್ ಬ್ರೂಸನು ತನ್ನ ಪ್ರತಿಸ್ಪರ್ಧಿ ಜಾನ್ ಕಾಮಿನನನ್ನು ಇರಿದುದು ಇಲ್ಲಿನ ಇಗರ್ಜಿಯಲ್ಲಿ. ಕವಿ ರಾಬರ್ಟ್ ಬರ್ನ್ಸ್ ೧೭೯೬ರಲ್ಲಿ ತೀರಿಕೊಂಡುದೂ ಈ ಪಟ್ಟಣದಲ್ಲಿಯೇ.

ಆಗ್ನೇಯ ಮಾರ್ಗ: ಜೌಗುನೆಲ

ಮೊದಲನೆಯ ಮಾರ್ಗವು ನದಿಯ ಎಡದಡವನ್ನು ಹಿಡಿದು, ಹಿಂದೆ ಪಟ್ಟಣದ ಹೊರಬಂದರಾಗಿದ್ದ ಗ್ಲೆನ್‌ಕೇಪಲ್ ಗ್ರಾಮವನ್ನು ಹಾದು, ಸುಮಾರು ೧೩ ಕಿಲೋಮೀಟರು ದೂರದ ಕಾರ್ಲಾವರಾಕ್ ಕೋಟೆಗೆ ಬರುತ್ತದೆ. ದಾರಿ ಬಹುಮಟ್ಟಿಗೆ ಸಮತಟ್ಟು. ಸಮುದ್ರದ ಉಬ್ಬರವಿಳಿತಗಳು ರೂಪಿಸಿದ ಉಪ್ಪುಜೌಗು ಕೊಲ್ಲಿಯ ಅಂಚಿನಲ್ಲಿ ಹಬ್ಬಿದೆ. ಆರ್ಕ್‌ಟಿಕ್ ವಲಯದ ಸ್ವಾಲ್‌ಬಾರ್ಡ್ ದ್ವೀಪಗಳಿಂದ ಬರುವ ಬಾರ್ನಕಲ್ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ೧೯೪೦ರ ದಶಕದಲ್ಲಿ ಕೆಲವು ನೂರಕ್ಕೆ ಇಳಿದಿದ್ದ ಅವುಗಳ ಸಂಖ್ಯೆ, ರಕ್ಷಣೆ ದೊರೆತ ಮೇಲೆ ಹತ್ತಾರು ಸಾವಿರಕ್ಕೆ ಏರಿತು.

ಕಾರ್ಲಾವರಾಕ್ ಕೋಟೆಯ ತಳವಿನ್ಯಾಸ ತ್ರಿಕೋನಾಕಾರದ್ದು. ಸುತ್ತಲೂ ನೀರು ತುಂಬಿದ ಅಗಳು. ೧೩೦೦ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡನು ದೊಡ್ಡ ಸೈನ್ಯದೊಡನೆ ಇದನ್ನು ಮುತ್ತಿದನು. ಆ ಮುತ್ತಿಗೆಯನ್ನು ವರ್ಣಿಸುವ ಫ್ರೆಂಚ್ ಕಾವ್ಯವೊಂದು ಉಳಿದು ಬಂದಿದೆ. ಆದರೆ ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದು ಸಮೀಪದಲ್ಲೇ ಇರುವ ಮತ್ತೊಂದು ಅವಶೇಷ. ಹದಿಮೂರನೆಯ ಶತಮಾನದ ಆರಂಭದಲ್ಲಿ ಜೌಗಿಗೆ ಇನ್ನಷ್ಟು ಹತ್ತಿರ ಕಟ್ಟಿದ್ದ ಹಳೆಯ ಕೋಟೆಯ ತಳಹದಿ ಅದು. ನೆಲ ಭಾರವನ್ನು ತಾಳದೆ, ನೀರು ನುಗ್ಗಿ, ಅಲ್ಪಕಾಲದಲ್ಲೇ ಅದನ್ನು ಕೈಬಿಡಬೇಕಾಯಿತು. ಶತ್ರುವನ್ನು ತಡೆಯಬೇಕಾಗಿದ್ದ ನೀರೇ ಕಟ್ಟಿದವರನ್ನು ಹೊರಗಟ್ಟಿತೆನ್ನಬಹುದು.

ಅಲ್ಲಿಂದ ಪೂರ್ವಕ್ಕೆ ರತ್‌ವೆಲ್ ಗ್ರಾಮ. ಇಲ್ಲಿನ ಇಗರ್ಜಿಯೊಳಗೆ ಎಂಟನೆಯ ಶತಮಾನದ ಶಿಲಾಶಿಲುಬೆಯೊಂದಿದೆ. ಅದರ ಅಂಚುಗಳಲ್ಲಿ ರೂನ್ ಲಿಪಿಯಲ್ಲಿ ಹಳೆಯ ಇಂಗ್ಲಿಷ್ ಪದ್ಯದ ಸಾಲುಗಳನ್ನು ಕೊರೆದಿದ್ದಾರೆ. ವಿಗ್ರಹಾರಾಧನೆಯ ಕುರುಹೆಂದು ಭಾವಿಸಿ ೧೬೪೨ರಲ್ಲಿ ಅದನ್ನು ಒಡೆದುಹಾಕಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿನ ಪಾದ್ರಿ ಹೆನ್ರಿ ಡಂಕನ್ ಚೂರುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದರು. ೧೮೧೦ರಲ್ಲಿ ಬಡವರಿಗಾಗಿ ಉಳಿತಾಯ ಬ್ಯಾಂಕನ್ನು ಸ್ಥಾಪಿಸಿದವರೂ ಇವರೇ.

ನೈರುತ್ಯ ಮಾರ್ಗ: ಕಣಶಿಲೆಯ ಸೀಮೆ

ಎರಡನೆಯ ಮಾರ್ಗವು ನದಿಯನ್ನು ದಾಟಿ, ಸುಮಾರು ೧೧ ಕಿಲೋಮೀಟರಿನಲ್ಲಿ ನ್ಯೂ ಆಬಿ ಗ್ರಾಮವನ್ನು ಮುಟ್ಟುತ್ತದೆ. ಬದಿಯಲ್ಲಿ ೫೬೯ ಮೀಟರು ಎತ್ತರದ ಕ್ರಿಫೆಲ್ ಬೆಟ್ಟ. ೧೨೭೩ರಲ್ಲಿ ಡೆವರ್ಗಿಲ್ಲಾ ಎಂಬ ರಾಜಕುಲದ ಮಹಿಳೆ ತನ್ನ ಪತಿ ಜಾನ್ ಬೇಲಿಯಲನ ನೆನಪಿಗಾಗಿ ಇಲ್ಲಿ ಸಿಸ್ಟರ್ಸಿಯನ್ ಸಂನ್ಯಾಸಿಗಳ ಮಠವನ್ನು ಸ್ಥಾಪಿಸಿದಳು. ಪತಿಯ ಹೃದಯವನ್ನು ಕರಂಡಕವೊಂದರಲ್ಲಿಟ್ಟು ಕಾಪಾಡಿಕೊಂಡಿದ್ದಳೆಂಬ ಪ್ರತೀತಿಯಿಂದ ಈ ಮಠಕ್ಕೆ ಸ್ವೀಟ್‌ಹಾರ್ಟ್ ಎಂಬ ಹೆಸರು ಬಂದಿತು. ದೇವಾಲಯದ ಗೋಡೆಗಳು ನಿತ್ ಬಯಲಿನ ಕೆಂಪು ಮರಳುಗಲ್ಲಿನವು. ಮಠದ ಪ್ರಾಕಾರವಾದರೋ ಕಣಶಿಲೆಯ ಭಾರೀ ಗುಂಡುಗಳದು. ಎರಡು ಸೀಮೆಗಳ ಶಿಲೆಗಳು ಒಂದೇ ಕಟ್ಟಡದಲ್ಲಿ ಸೇರಿರುವುದನ್ನು ಸವಾರನು ಇಲ್ಲಿ ಕಣ್ಣಾರೆ ಕಾಣಬಹುದು.

ಮುಂದೆ ಪಶ್ಚಿಮಕ್ಕೆ ಗ್ಯಾಲೋವೇ ಸೀಮೆಯುದ್ದಕ್ಕೂ ಗಾರೆಯಿಲ್ಲದೆ ಪೇರಿಸಿದ ಕಲ್ಲುಬೇಲಿಗಳು ದಾರಿಯನ್ನು ಹಿಂಬಾಲಿಸುತ್ತವೆ. ನೋಟಕ್ಕೆ ರಮಣೀಯವಾದ ಈ ಬೇಲಿಗಳ ಹಿಂದೆ ಕಹಿಯಾದ ಚರಿತ್ರೆಯಿದೆ. ಇಂಗ್ಲೆಂಡಿನ ಮಾರುಕಟ್ಟೆಗೆ ದನಗಳನ್ನು ಒದಗಿಸುವ ಲಾಭಕ್ಕಾಗಿ ಭೂಮಾಲೀಕರು ಹೊಲಗಳಿಗೆ ಬೇಲಿ ಹಾಕಿಸಿ ಗೇಣಿದಾರರನ್ನು ಎಬ್ಬಿಸಿದರು. ೧೭೨೪ರಲ್ಲಿ ರೊಚ್ಚಿಗೆದ್ದ ಜನರು ಗುಂಪುಗೂಡಿ ಬೇಲಿಗಳನ್ನು ಕೆಡವತೊಡಗಿದರು. ಅವರನ್ನು ಅಡಗಿಸಲು ಸೈನ್ಯ ಬರಬೇಕಾಯಿತು.

ವಾಯವ್ಯ ಮಾರ್ಗ: ಕಣಿವೆ ಮತ್ತು ಕಮ್ಮಾರಸಾಲೆ

ಮೂರನೆಯ ಮಾರ್ಗ ನಿತ್ ಕಣಿವೆಯನ್ನು ಹಿಡಿದು ಮೇಲೇರುತ್ತದೆ. ಹೆದ್ದಾರಿಯಲ್ಲಿ ಮೋಟಾರುಗಳ ಓಡಾಟ ಹೆಚ್ಚಾದುದರಿಂದ ಸವಾರನಿಗೆ ಕಿರುದಾರಿಗಳೇ ಲೇಸು. ಬರ್ನ್ಸ್ ಬೇಸಾಯ ಮಾಡಿ ನಷ್ಟ ಹೊಂದಿದ ಎಲಿಸ್‌ಲ್ಯಾಂಡ್ ಹೊಲಮನೆ ಮೊದಲು ಸಿಗುತ್ತದೆ. ಆಲ್ಡ್‌ಗರ್ತ್ ಸೇತುವೆಯ ಬಳಿ ಹೆದ್ದಾರಿ ಪೂರ್ವದಡಕ್ಕೆ ದಾಟಿದರೆ, ಪಶ್ಚಿಮದಡದಲ್ಲಿ ಉಳಿಯುವ ಕಿರುದಾರಿ ಕೀರ್ ಪ್ರದೇಶದ ಕೋರ್ಟ್‌ಹಿಲ್ ಕಮ್ಮಾರಸಾಲೆಗೆ ಒಯ್ಯುತ್ತದೆ. ಇನ್ನೂ ಮೇಲಕ್ಕೆ ಮೆನಕ್ ಕಣಿವೆಯಲ್ಲಿ ತಿರುಗಿದರೆ ಬೋಳುಗುಡ್ಡಗಳ ನಡುವೆ ಮುನ್ನೂರು ಮೀಟರಿಗೂ ಮಿಕ್ಕ ಏರು; ಅದರ ತುದಿಯಲ್ಲಿ ಸೀಸದ ಗಣಿಗಾರರ ಊರಾದ ವಾನ್‌ಲಾಕ್‌ಹೆಡ್. ಗಣಿಕೆಲಸಗಾರರು ೧೭೫೬ರಲ್ಲಿಯೇ ಅಲ್ಲಿ ತಮ್ಮದೇ ಪುಸ್ತಕಭಂಡಾರವನ್ನು ಏರ್ಪಡಿಸಿಕೊಂಡಿದ್ದರು.

ಕೋರ್ಟ್‌ಹಿಲ್ಲಿನ ಕಮ್ಮಾರ ಕರ್ಕ್‌ಪ್ಯಾಟ್ರಿಕ್ ಮ್ಯಾಕ್ಮಿಲನ್ (೧೮೧೨–೧೮೭೮) ೧೮೩೯ರ ಸುಮಾರಿಗೆ ಕಾಲುಮೆಟ್ಟು, ಸರಳು, ಕ್ರ್ಯಾಂಕುಗಳ ಮೂಲಕ ಹಿಂಗಾಲಿಯನ್ನು ತಿರುಗಿಸುವ ಮೊದಲ ಸೈಕಲನ್ನು ಮಾಡಿದನೆಂದು ಅನೇಕ ಪಠ್ಯಗಳು ಹೇಳುತ್ತವೆ. ೧೮೧೭ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸನು ರೂಪಿಸಿದ ಗಾಡಿಯನ್ನು ನೆಲಕ್ಕೆ ಕಾಲೊದ್ದು ನೂಕಬೇಕಾಗಿತ್ತು. ಮುಂಗಾಲಿಗೆ ಪೆಡಲುಗಳುಳ್ಳ ಗಾಡಿಗಳು ಪ್ಯಾರಿಸ್ಸಿನಲ್ಲಿ ೧೮೬೦ರ ದಶಕದಲ್ಲಿ ಬಂದುವು. ಆದುದರಿಂದ ಮ್ಯಾಕ್ಮಿಲನ್ನನ ಪರವಾದ ವಾದ ನಿಜವಾದರೆ ಸೈಕಲ್ಲಿನ ಚರಿತ್ರೆಯ ಕಾಲಾನುಕ್ರಮವೇ ಬದಲಾಗುತ್ತದೆ.

ಆಧಾರಗಳೇನು? ಸಮಕಾಲೀನವಾದುದು ೧೮೪೨ರ ಜೂನ್ ತಿಂಗಳ ಗ್ಲಾಸ್ಗೋ ಪತ್ರಿಕಾವರದಿ. ಅದರ ಪ್ರಕಾರ, ಡಂಫ್ರೀಸ್ ಪ್ರಾಂತದವನೆನ್ನಲಾದ ಸಭ್ಯಗೃಹಸ್ಥನೊಬ್ಬನು ವೆಲಾಸಿಪೀಡ್ ಎಂಬ ಗಾಡಿಯ ಮೇಲೆ ಓಲ್ಡ್ ಕಮ್ನಕ್ಕಿನಿಂದ ನಲವತ್ತು ಮೈಲಿಯನ್ನು ಐದು ಗಂಟೆಗಳಲ್ಲಿ ಕ್ರಮಿಸಿ ಬಂದು, ಗಾರ್ಬಲ್ಸ್ ಪೇಟೆಯಲ್ಲಿ ಕಾಲುದಾರಿಯ ಮೇಲೇರಿ ಮಗುವೊಂದನ್ನು ಬೀಳಿಸಿದುದಕ್ಕಾಗಿ ಐದು ಷಿಲಿಂಗ್ ದಂಡ ತೆತ್ತನು. ಸವಾರನ ಹೆಸರು ವರದಿಯಲ್ಲಿಲ್ಲ. ಗಾಲಿಗಳು ಎಷ್ಟೆಂಬುದೂ ಇಲ್ಲ. ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತಿದ್ದನೆಂದು ಅದು ಹೇಳುತ್ತದೆ. ಹಳ್ಳಿಯ ಕಮ್ಮಾರನನ್ನು ಸಭ್ಯಗೃಹಸ್ಥನೆಂದು ಅಂದಿನ ಪತ್ರಿಕೆ ಕರೆಯುತ್ತಿತ್ತೇ ಎಂಬ ಪ್ರಶ್ನೆಯೂ ಏಳುತ್ತದೆ. ಮ್ಯಾಕ್ಮಿಲನ್ನನ ಹೆಸರನ್ನು ಈ ಘಟನೆಗೆ ಜೋಡಿಸಿ ಪ್ರಚಾರ ಮಾಡಿದವನು ಅವನ ಬಂಧುವಾದ ಜೇಮ್ಸ್ ಜಾನ್‌ಸ್ಟನ್; ಅದು ೧೮೯೦ರ ದಶಕದಲ್ಲಿ, ಎಂದರೆ ಅರ್ಧ ಶತಮಾನದ ತರುವಾಯ, ಮುದುಕರ ನೆನಪುಗಳನ್ನು ಕಲೆಹಾಕಿ.

ವಾದದ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಕೀರ್‌ನಿಂದ ಗ್ಲಾಸ್ಗೋವಿಗೆ ನಿತ್ ಕಣಿವೆಯ ದಾರಿ ಹಿಡಿದು ಹೋಗುವವನು ಓಲ್ಡ್ ಕಮ್ನಕ್ಕನ್ನು ಹಾದೇ ಹೋಗುತ್ತಾನೆ. ಗಂಟೆಗೆ ಎಂಟು ಮೈಲಿಯ ವೇಗವೂ ಅಸಂಭವವಲ್ಲ. ಒಡೆದ ಜಲ್ಲಿಯನ್ನು ಪದರಪದರವಾಗಿ ಹಾಸಿ ನೀರು ಹರಿದುಹೋಗುವಂತೆ ರಸ್ತೆ ಮಾಡುವ ವಿಧಾನವನ್ನು ಬಳಕೆಗೆ ತಂದ ಜಾನ್ ಲೌಡನ್ ಮೆಕಡಂ ೧೮೩೬ರಲ್ಲಿ ತೀರಿಕೊಂಡುದು ಇದೇ ಪ್ರಾಂತದ ಮಾಫಟ್ ಊರಿನಲ್ಲಿ. ಅಂದಮಾತ್ರಕ್ಕೆ ದಾರಿಯ ಅನುಕೂಲತೆ ಸಾಧ್ಯತೆಯನ್ನು ತೋರಿಸುತ್ತದೆಯೇ ಹೊರತು ಸವಾರನು ಯಾರೆಂಬುದನ್ನು ಸಾಧಿಸಲಾರದು.

ಕಮ್ಮಾರಸಾಲೆಯ ಗೋಡೆಯಲ್ಲಿ ಮ್ಯಾಕ್ಮಿಲನ್ನನ ಸ್ಮಾರಕಫಲಕವಿದೆ. ಶಾಸನಗಳ ಅಭ್ಯಾಸವುಳ್ಳ ನಮ್ಮ ವಿದ್ಯಾರ್ಥಿಗಳಿಗೆ ಇದರ ಬೆಲೆಯನ್ನು ವಿವರಿಸುವುದು ಕಷ್ಟವಲ್ಲ. ಘಟನೆಯ ಕಾಲ ಒಂದು, ಬರೆಹದ ಕಾಲ ಇನ್ನೊಂದು ಆದಾಗ, ಬರೆಹವು ಮೊದಲು ತಿಳಿಸುವುದು ಬರೆಯಿಸಿದವರ ನಂಬಿಕೆಯನ್ನು. ಆದುದರಿಂದ ತರಗತಿಯಲ್ಲಿ ಮ್ಯಾಕ್ಮಿಲನ್ನನನ್ನು ಸೈಕಲ್ಲಿನ ನಿರ್ಮಾತೃವೆಂದು ಖಚಿತವಾಗಿ ಹೇಳುವುದಾಗಲಿ, ಕಟ್ಟುಕಥೆಯೆಂದು ತಳ್ಳಿಹಾಕುವುದಾಗಲಿ ಸರಿಯಲ್ಲ. ಸಂಭವನೀಯ, ಆದರೆ ಸಿದ್ಧವಾಗಿಲ್ಲ ಎಂದಷ್ಟೇ ಹೇಳಬೇಕು.

ಹಳೆಯ ಕೋಟೆಯ ತಳಹದಿ, ಮಠದ ಎರಡು ಬಗೆಯ ಕಲ್ಲು, ಗ್ಯಾಲೋವೇಯ ಬೇಲಿ ಇವು ತಾವೇ ಸಾಕ್ಷ್ಯಗಳು. ಕೋರ್ಟ್‌ಹಿಲ್ಲಿನ ಫಲಕವು ಸಾಕ್ಷ್ಯದ ಕುರಿತ ಒಂದು ಹೇಳಿಕೆ. ಈ ಭೇದವನ್ನು ಒಂದೆರಡು ಹಗಲಿನ ಸವಾರಿಯಲ್ಲಿ ಕಲಿಸಬಲ್ಲ ದಾರಿಗಳು ಡಂಫ್ರೀಸಿನ ಸುತ್ತ ಇವೆ. ತಮ್ಮ ಊರಿನ ಸುತ್ತಣ ದಾರಿಗಳನ್ನು ಇದೇ ದೃಷ್ಟಿಯಿಂದ ನೋಡಲು ವಿದ್ಯಾರ್ಥಿಗಳಿಗೆ ಪ್ರೇರಣೆ ದೊರೆತರೆ ಈ ಲೇಖನದ ಉದ್ದೇಶ ಈಡೇರಿದಂತೆ.